ಬೇರೆಯವರ ಗಂಟು ಹೊತ್ತ ಹೀರೊ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ಕೃಷಿ ಸಾಮಾನಿನ ಅಂಗಡಿಯೊಂದಿದೆ. ಬೆಳೆಗೆ ಔಷಧಿ ಹೊಡೆಯುವ ಟ್ಯಾಂಕುಗಳನ್ನು, ಬೆನ್ನಿಗೆ ಹಾಕಿಕೊಳ್ಳುವ ಪಟ್ಟಿಗಳ ಸಮೇತ, ಅದರ ಬಾಗಿಲಿನ ಎರಡೂ ಬದಿಗೆ ತೂಗುಹಾಕಿರುತ್ತಾರೆ. ಕಳೆದ ತಿಂಗಳು ಬಿಸಿಲು ತಾಳದೆ ಆ ಅಂಗಡಿಯ ನೆರಳಿಗೆ ಹೋಗಿ ನಿಂತೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರ ಅಡಿಯಲ್ಲಿ ಗಂಟಲು ಕೆರೆಯುವಂಥ ಔಷಧಿಯ ವಾಸನೆ… ಯಾರಿಗಾದರೂ ಹೊಲ ನೆನಪಾಗಬೇಕು. ನನಗೆ ಬಾಹ್ಯಾಕಾಶ ನೆನಪಾಯಿತು. ಬೆಳ್ಳಿ ಬಣ್ಣ ಬಳಿದ ಅಂಥದೇ ಒಂದು ಟ್ಯಾಂಕನ್ನು ಬೆನ್ನಿಗೇರಿಸಿಕೊಂಡು, ಯಾವುದೋ ಗ್ರಹದ ನೆಲದ ಮೇಲೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದ ಮನುಷ್ಯರೊಬ್ಬರು ನೆನಪಾದರು.

ಕೊಟ್ಟೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೆ ಅವರ ಫೋಟೊ ಸ್ಟುಡಿಯೋ ಇತ್ತು. ಓಣಿಯವರೆಲ್ಲ ಅವರನ್ನು ಸ್ಟುಡಿಯೋದವರು ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಸ್ಟುಡಿಯೋದವರು ವಿಡಿಯೋ ತೆಗೆಯಲು ಮದುವೆಗಳಿಗೆ ಹೋದಾಗ ಪಾಸ್‌ಪೋರ್ಟ್ ಫೋಟೊ ತೆಗೆಯುವುದು, ಲ್ಯಾಮಿನೇಶನ್ ಮಾಡಿಕೊಡುವುದು ಎಲ್ಲ ಅಕ್ಕನೇ. ನಾನು ಆಗಷ್ಟೇ ಎಂ.ಎ. ಮುಗಿಸಿ ಅಲ್ಲಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ಸೇರಿದ್ದೆ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡವರಲ್ಲಿ ನಾನು ಎರಡನೆಯವಳು. ಅಪ್ಪ ಬಸ್ ಡಿಪೋದಲ್ಲಿದ್ದರು. ಬಾಡಿಗೆ ಮನೆಗೆ ಬರುವಾಗ ಅವರು ಕಟ್ಟಿಕೊಟ್ಟ ಬುದ್ಧನ ಚಿತ್ರದ ಗಾಜು ದಾರಿಯಲ್ಲಿ ಒಡೆದು, ಹೊಸ ಗಾಜು ಹಾಕಿಸಲು ಹೋದಾಗ ಸ್ಟುಡಿಯೋದವರ ಪರಿಚಯವಾಯಿತು ಎಂದು ನನ್ನ ನೆನಪು. ಅಕ್ಕನ ನೆನಪು ಬೇರೆ. ನಾನು ಮೊದಲು ಬಂದದ್ದು ನಲ್ಲಿಯ ನೀರು ಕೇಳಲಿಕ್ಕಂತೆ.

ನಾನು ದಿನಚರಿ ಬರೆಯುವವಳು. ಆದರೂ ಆ ವರ್ಷಗಳ ಪುಟ ತೆರೆದರೆ ಬಸ್ಸು ತಡವಾದದ್ದು, ಸ್ಟಾಫ್ ರೂಮಿನಲ್ಲಿ ಯಾರೋ ಏನೋ ಅಂದದ್ದು, ನನ್ನ ತಲೆನೋವು, ಇಂಥವೇ ತುಂಬಿವೆ. ಅವರ ಮಾತು ಅಲ್ಲಲ್ಲಿ ಒಂದೊಂದು ಸಾಲು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೊಂದಿಸಿಕೊಂಡದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಕ್ಯಾಮೆರಾ, ಲೈಟು, ಮದುವೆಮನೆಯಲ್ಲಿ ಹಾಕುವ ದೊಡ್ಡ ಎಲ್‌ಇಡಿ ಪರದೆ, ಎಲ್ಲವೂ ಸುಮ್ಮನೆ ಬಿದ್ದಿರುತ್ತಿದ್ದವು. ಆ ದಿನಗಳಲ್ಲಿ ಸ್ಟುಡಿಯೋದವರು ಕೌಂಟರಿನ ಹಿಂದೆ ಕುಳಿತು ಪರದೇಶದ ಬಾಹ್ಯಾಕಾಶದ ಸಿನಿಮಾಗಳನ್ನು ನೋಡುತ್ತಿದ್ದರು. ಒಂದೇ ಕಥೆ ಭಾಗ ಭಾಗವಾಗಿ ಬರುವಂಥವು. ಹಿಂದಿಯಲ್ಲೋ ತೆಲುಗಿನಲ್ಲೋ ಡಬ್ ಆಗಿರುತ್ತಿದ್ದವು. ಭಾಷೆಗಿಂತ ಅವರಿಗೆ ಬೇರೆಯದೇ ಕುತೂಹಲ. ಭಾಗ ಬದಲಾದಂತೆ ಗ್ರಹ ಬದಲಾಗುತ್ತದೆ, ಹಡಗು ಬದಲಾಗುತ್ತದೆ, ವೈರಿಗಳೂ ಬದಲಾಗುತ್ತಾರೆ. ಹಾಗಿದ್ದ ಮೇಲೆ ಜನ ಮತ್ತೆ ಮತ್ತೆ ಬರುವುದು ಯಾರ ಸಲುವಾಗಿ? ಬಹುಶಃ ಹೀರೊನ ಸಲುವಾಗಿ. ಹಾಗಾದರೆ ಅವನಲ್ಲಿ ಏನಿದೆ? ಇದನ್ನು ಅವರು ಗಿರಾಕಿಗಳನ್ನೂ ಕೇಳುತ್ತಿದ್ದರು. ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದವರು ಗಲಿಬಿಲಿಯಾಗಿ ನಿಲ್ಲುತ್ತಿದ್ದರು.

ನನ್ನನ್ನೂ ಕೇಳಿದರು. ನಾನು ವಿಶ್ವವಿದ್ಯಾಲಯದ ಬಿಸಿಯಲ್ಲಿದ್ದೆ. ಧೈರ್ಯ, ತ್ಯಾಗ, ಒಂದು ದೋಷ, ಒಂದು ಗಾಯ ಎಂದು ಬೆರಳು ಮಡಚುತ್ತ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿಸಿಕೊಂಡು, “ದೋಷ ಒಂದು ಬಿಟ್ರ ಉಳಿದಿದ್ದೆಲ್ಲಾ ಮದಿಮಗನ ಬಯೋಡಾಟಾದಾಗ ಇರ್ತಾವಲ್ರಿ ಮೇಡಮ್” ಎಂದರು. ಒಳಗಿನಿಂದ ಅಕ್ಕ, ದೋಷ ಮದುವೆಯಾದ ಮೇಲೆ ಗೊತ್ತಾಗತೈತಿ ಎಂದು ಸೇರಿಸಿದರು.

ಆ ಆಷಾಢದಲ್ಲೇ ಅವರು ತಾವೂ ಒಂದು ಬಾಹ್ಯಾಕಾಶದ ಸಿನಿಮಾ ತೆಗೆಯುವುದಾಗಿ ಹೇಳಿದರು. ಅದೂ ಒಂದೇ ಅಲ್ಲ, ಭಾಗ ಭಾಗವಾಗಿ. ಯಾಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಮಾತ್ರ ನನಗೆ ಸರಿಯಾಗಿ ನೆನಪಿದೆ. ಅದು ದಿನಚರಿಯಲ್ಲೂ ಇದೆ.

“ಇಷ್ಟು ವರ್ಷ ವಿಡಿಯೋ ತಗದೀನ್ರಿ. ಒಬ್ಬರರೆ ಮುಂದೇನಾತು ಅಂತ ಕೇಳಿಲ್ಲ. ಮುಂದೇನಾಗತೈತಿ ಅಂತ ಎಲ್ಲಾರಿಗೂ ಗೊತ್ತು. ತಾಳಿ ಕಟ್ತಾನ, ಊಟಕ್ಕ ಹೋಗ್ತಾರ.”

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಸಿನಿಮಾ ತೋರಿಸಿದ ಮರುದಿನ ಚಹಾದಂಗಡಿಯಲ್ಲಿ ಯಾರಾದರೂ ಒಬ್ಬರು ಅವರನ್ನು ತಡೆದು, ಮುಂದೇನಾಯಿತು ಎಂದು ಕೇಳಬೇಕು. ಹಾಗೆ ಕೇಳಿದರೆ ಎರಡನೆಯ ಭಾಗ. ಕೇಳದಿದ್ದರೆ ಸುಮ್ಮನೆ ಮದುವೆಗಳಿಗೆ ಹೋಗುವುದು. ಅವರು ನಗುನಗುತ್ತಲೇ ಹೇಳಿದರೂ ಅದು ತಮಾಷೆಯ ಮಾತಾಗಿರಲಿಲ್ಲ.

ಗ್ರಹ ಹುಡುಕಲು ಕಷ್ಟವಾಗಲಿಲ್ಲ. ಹಂಪಸಾಗರದ ಹತ್ತಿರ ತುಂಗಭದ್ರೆಯ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದು, ಮೈಲಿಗಟ್ಟಲೆ ಬಿರಿದ ನೆಲ ಬಿಟ್ಟುಹೋಗಿರುತ್ತದೆ. ನಡುನಡುವೆ ಯಾವ ಕಾಲದ್ದೋ ಮರದ ಕಪ್ಪು ಬೊಡ್ಡೆಗಳು. ಆ ವರ್ಷ ಮಳೆ ತಡವಾಗಿ ನೀರಿನ್ನೂ ಬಂದಿರಲಿಲ್ಲ. ಹೀರೊ ಹರಪನಹಳ್ಳಿಯಿಂದ ಬಂದ. ಜಿಮ್ ನಡೆಸುತ್ತಿದ್ದ ಯುವಕ. ಎತ್ತರ, ಅಗಲ ಎದೆ, ಮಾತು ಸ್ವಲ್ಪ ದಾವಣಗೆರೆಯ ಕಡೆಯದು. ಸಂಭಾಷಣೆ ನಾನು ಬರೆದೆ. ‘ಮನುಕುಲದ ಅಂತಿಮ ಆಶಾಕಿರಣ’ ಎಂಬ ಮಾತನ್ನು ಅವನ ಬಾಯಲ್ಲಿ ಹಾಕಿದ್ದೆ. ಅವನು ಅದನ್ನು ಒಂದೇ ಉಸಿರಿಗೆ ಹೇಳಲಾಗದೆ ಪ್ರತಿಸಲ ‘ಅಂತಿಮ’ಕ್ಕೆ ನಿಂತು ನೀರು ಕುಡಿಯುತ್ತಿದ್ದ. ಆಮ್ಲಜನಕದ ಸಿಲಿಂಡರ್ ಆಗಿದ್ದದ್ದು ಬೆಳ್ಳಿ ಬಣ್ಣದ ಔಷಧಿ ಟ್ಯಾಂಕು. ಎಷ್ಟು ತೊಳೆದರೂ ಅದರ ವಾಸನೆ ಹೋಗಿರಲಿಲ್ಲ.

ಚಿತ್ರೀಕರಣ ನೋಡುತ್ತ ನಿಂತಾಗ ನನಗೆ ಏನೋ ಪರಿಚಿತವೆನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಸ್ಟುಡಿಯೋದವರು ಹೀರೊನ ಸುತ್ತ ಒಂದು ಪೂರ್ತಿ ಸುತ್ತು ಬರುತ್ತಿದ್ದರು. ಕಾಲಿನಿಂದ ಶುರುಮಾಡಿ ನಿಧಾನವಾಗಿ ಮುಖಕ್ಕೆ ಏರುತ್ತಿದ್ದರು. ಎರಡು ಹೆಜ್ಜೆ ಮುಂದೆ ಬಾ, ತಿರುಗು, ಸ್ವಲ್ಪ ನಗು ಎನ್ನುತ್ತಿದ್ದರು. ಹಡಗು ಇಳಿದಾಗ ಏಳುವ ಬಾಹ್ಯಾಕಾಶದ ಧೂಳಿಗೆಂದು ಹಡಗಲಿಯಿಂದ ಮಲ್ಲಿಗೆ ತರಿಸಿ, ಬಿಡಿ ಹೂವನ್ನು ಫ್ಯಾನಿನ ಮುಂದೆ ಎರಚಿಸಿದರು. ಬೆಳಕಿಗೆ ಅದು ಚೆನ್ನಾಗಿ ಹೊಳೆಯುತ್ತದೆ ಎಂಬುದು ಅವರ ಅನುಭವ.

ಒಂದು ಸಂಜೆ ಇಡೀ ಗ್ರಹ ಕಾಣುವಂಥ ದೂರದ ದೃಶ್ಯ ತೆಗೆಯುತ್ತಿದ್ದರು. ಹೀರೊ ಹೆಲ್ಮೆಟ್ಟು ತೊಟ್ಟು ದಿಗಂತ ನೋಡುತ್ತ ನಿಂತಿದ್ದ. ಆಗ ಕ್ಯಾಮೆರಾದ ಚೌಕಟ್ಟಿನೊಳಗೆ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಮಡಚಿದ ಕಂಬಳಿ, ಕೈಯಲ್ಲಿ ಕೋಲು. ಹಿನ್ನೀರಿನ ಅಂಚಿನ ಹುಲ್ಲಿಗೆ ಕುರಿ ತರುವವರು ಅಲ್ಲಿ ಹೊಸಬರಲ್ಲ. ಬೊಡ್ಡೆಗಳ ಹಿಂದೆ ಬಗ್ಗಿ ನೋಡುತ್ತ, ನಾಲಗೆಯಲ್ಲಿ ಅದೇನೋ ಸದ್ದು ಮಾಡಿ ಕರೆಯುತ್ತ ನಡೆದು, ನೇರ ನಮ್ಮ ಹೀರೊನ ಬಳಿ ಬಂದು ನಿಂತಳು. ಹೀರೊನ ಬೆಳ್ಳಿ ಬಣ್ಣದ ಉಡುಪು ಅವಳಿಗೆ ವಿಚಿತ್ರವಾಗಿ ಕಂಡಂತೆ ಇರಲಿಲ್ಲ. “ಇತ್ತಾಗ ಒಂದು ಮರಿ ಬಂದಿದ್ದು ನೋಡಿದ್ರೇನ್ರಿ?” ಎಂದಳು. ಹೀರೊ ಹೆಲ್ಮೆಟ್ಟಿನೊಳಗಿಂದಲೇ ಇಲ್ಲವೆಂದು ತಲೆಯಾಡಿಸಿದ. ಅವಳು ಮುಂದೆ ಹೋದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮತ್ತೊಮ್ಮೆ ತೆಗೆಯೋಣವೆಂದರೆ ಬೆಳಕು ಇಳಿದಿತ್ತು, ಹೀರೊಗೆ ಹರಪನಹಳ್ಳಿಯ ಬಸ್ಸು ತಪ್ಪುತ್ತಿತ್ತು. ಇಡೀ ಗ್ರಹ ಕಾಣುವ ದೃಶ್ಯ ಅದೊಂದೇ. ಹಾಗಾಗಿ ಆ ಹೆಂಗಸು ಸಿನಿಮಾದಲ್ಲಿ ಉಳಿದಳು.

ಒಂದು ಭಾನುವಾರ ಸಂಜೆ ಓಣಿಯಲ್ಲಿ ಪರದೆ ನಿಲ್ಲಿಸಿ ಮೊದಲ ಭಾಗ ತೋರಿಸಿದರು. ಜನ ಚಾಪೆ ತಂದು ಕುಳಿತರು. ಹೀರೊ ಹಡಗಿನಿಂದ ಇಳಿಯುತ್ತಿದ್ದಂತೆ, ಹೂವು ಹಾರಿ, ಕ್ಯಾಮೆರಾ ಅವನ ಬೂಟಿನಿಂದ ಮೇಲೇರತೊಡಗಿದಾಗ, ಮುಂದಿನ ಸಾಲಿನಿಂದ ಒಬ್ಬಾಕೆ, “ಮದಿಮಗ ಬಂದ ನೋಡ್ರೆ” ಎಂದಳು. ಆಗ ನನಗೆ ಹೊಳೆಯಿತು. ಎಲ್ಲರಿಗೂ ಹೊಳೆದಿರಬೇಕು, ಯಾಕೆಂದರೆ ಅಲ್ಲಿ ಕುಳಿತಿದ್ದವರಲ್ಲಿ ಅರ್ಧದಷ್ಟು ಜನರ ಮದುವೆಯ ವಿಡಿಯೋ ತೆಗೆದವರು ಅವರೇ. ಅದೇ ಸುತ್ತು, ಅದೇ ಏರಿಕೆ, ತಿರುಗಿ ನಗುವ ಅದೇ ನಗು. ಆ ಲೋಕದಾಗೂ ಮಲ್ಲಿಗಿ ಬೆಳಿತಾರೇನು ಎಂದು ಇನ್ನೊಬ್ಬಾಕೆ ಕೇಳಿದಳು. ನನ್ನ ಅಂತಿಮ ಆಶಾಕಿರಣಕ್ಕೆ ಒಬ್ಬ ಅಜ್ಜ ಅಕ್ಷತೆ ಹಾಕಿದಂತೆ ಕೈ ಮಾಡಿದರು.

ಮುಗಿದ ಮೇಲೆ ಯಾರೂ ಬೈಯಲಿಲ್ಲ. ಕ್ಲಿಯರ್ ಬಂದೈತ್ರಿ ಎಂದರು. ಕಲರ್ ಚಲೋ ಐತಿ ಎಂದರು. ಮದುವೆಯ ವಿಡಿಯೋ ಕೊಡುವಾಗ ಕೇಳುವ ಮಾತುಗಳೇ ಅವು. ಸ್ಟುಡಿಯೋದವರು ವೈರು ಸುತ್ತುತ್ತ ಎಲ್ಲರಿಗೂ ಹೂಂ ಅಂದರು. ನಾನು ಏನೋ ಸಮಾಧಾನ ಹೇಳಿದಂತೆ ನೆನಪು. ಏನು ಹೇಳಿದೆನೋ…

ಮರುದಿನ ಅವರು ಚಹಾದಂಗಡಿಗೆ ಹೋಗುವುದಿಲ್ಲ ಎಂದುಕೊಂಡಿದ್ದೆ, ಹೋದರು. ಅಲ್ಲಿ ಒಬ್ಬರು ತಡೆದು ಕೇಳಿಯೂ ಕೇಳಿದರು. ಆ ಕುರಿಯಾಕಿಗೆ ಮರಿ ಸಿಕ್ತೇನು? ಸಂಜೆ ಹಾಲು ತರುವಾಗ ಮತ್ತೊಬ್ಬರು ಅದನ್ನೇ ಕೇಳಿದರು. ವಾರವೆಲ್ಲ ಅದೇ ಪ್ರಶ್ನೆ. ಹೀರೊ ಉಳಿಸಲು ಹೊರಟಿದ್ದ ಭೂಮಿ ಉಳಿಯಿತೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಸ್ಟುಡಿಯೋದವರು ಮೊದಲು ಸಿಟ್ಟಾದರು. ಅಕ್ಕನ ಹತ್ತಿರ, ಇವರು ನನ್ನ ಅಣಕಿಸಾಕತ್ಯಾರ ಎಂದರಂತೆ. ಅಕ್ಕ, ನನಗೂ ಅದ ಅನಿಸೇತಿ, ಮರಿ ಸಿಕ್ತೇನು ಎಂದರಂತೆ.

ಆಮೇಲೆ ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಆ ದೃಶ್ಯವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ತೋರಿಸಿದರು. ಬೆರಳಿನಷ್ಟು ಎತ್ತರದ ಒಂದು ಆಕೃತಿ ಬಗ್ಗುತ್ತದೆ, ಕರೆಯುತ್ತದೆ, ಮುಂದೆ ಹೋಗುತ್ತದೆ. ಮುಖ ಕಾಣುವುದಿಲ್ಲ. ಮಾತು ಅರ್ಧ ಗಾಳಿಗೆ ಹೋಗಿದೆ. ಆದರೂ ಕಣ್ಣು ಅವಳ ಹಿಂದೆಯೇ ಹೋಗುತ್ತದೆ. ನಮ್ಮ ಹೀರೊ ಪಕ್ಕದಲ್ಲೇ ನಿಂತಿದ್ದರೂ ಬೊಡ್ಡೆಯಂತೆ ಕಾಣುತ್ತಾನೆ. ಇದು ಯಾಕೆ ಎಂಬುದಷ್ಟೇ ಈಗ ಅವರಿಗೆ ಬೇಕಾಗಿತ್ತು. ನನಗೂ ಬೇಕಾಗಿತ್ತು. ಅವಳನ್ನೇ ಹುಡುಕಿ ಕೇಳೋಣ, ಸಾಧ್ಯವಾದರೆ ಎರಡನೆಯ ಭಾಗಕ್ಕೆ ಕರೆಯೋಣ ಎಂದು ಗಟ್ಟಿಮಾಡಿಕೊಂಡೆವು.

ಹಂಪಸಾಗರಕ್ಕೆ ಹೋದಾಗ ನೀರು ಬಂದು ನಮ್ಮ ಗ್ರಹ ಮುಳುಗಿತ್ತು, ಕುರಿಗಳು ಹೊರಟುಹೋಗಿದ್ದವು. ಕೇಳುತ್ತ ಕೇಳುತ್ತ ಕೂಡ್ಲಿಗಿಯ ಕಡೆಯ ರಸ್ತೆಯಲ್ಲಿ, ಕೊಯ್ಲಾದ ಒಂದು ಹೊಲದಲ್ಲಿ ಹಟ್ಟಿ ಹಾಕಿದ್ದನ್ನು ಕಂಡೆವು. ಹತ್ತಿರದಿಂದ ನೋಡಿದರೆ ಅವಳಿಗೆ ನಲವತ್ತು ದಾಟಿರಬಹುದು. ಸ್ಟುಡಿಯೋದವರು ಮೊಬೈಲಿನಲ್ಲಿ ಅವಳನ್ನೇ ಅವಳಿಗೆ ತೋರಿಸಿದರು. ಅವಳು ತನ್ನನ್ನು ನೋಡಿಕೊಳ್ಳಲಿಲ್ಲ, ಹಿಂದೆ ಮೂಲೆಯಲ್ಲಿ ಕಾಣುತ್ತಿದ್ದ ಕುರಿಗಳನ್ನು ಬೆರಳಿಟ್ಟು ಗುರುತಿಸಿದಳು. ನಮ್ಮ ಹೀರೊನನ್ನು ಯಾರೆಂದುಕೊಂಡಿದ್ದಳೆಂದು ಕೇಳಿದೆವು. ಔಷಧ ಹೊಡಿಯಾಕ ಬಂದೋರು ಅಂದ್ಕೊಂಡೆ, ಬೆಳಿ ಇಲ್ಲದಲ್ಲಿ ಯಾಕ ಹೊಡಿತಾರಂತ ಅನಿಸ್ತು, ಆದರ ಕೇಳಾಕ ಹೊತ್ತಿರಲಿಲ್ಲ ಎಂದಳು. ಸ್ಟುಡಿಯೋದವರು ನಕ್ಕದ್ದನ್ನು ಎಷ್ಟೋ ದಿನಗಳ ಮೇಲೆ ನೋಡಿದೆ.

ಮರಿ ಸಿಕ್ಕಿರಲಿಲ್ಲ. ಇಷ್ಟು ಕುರಿಗಳಲ್ಲಿ ಒಂದು ಮರಿಗೆ ಅಷ್ಟು ಹುಡುಕಾಟವೇ ಎಂದು ನಾನು ಕೇಳಿರಬೇಕು. ಅಥವಾ ಅವರು ಕೇಳಿದರೋ. ಅವಳ ಉತ್ತರ ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿತ್ತು.

“ಅದು ನನ್ನದಲ್ರಿ. ದೇವರ ಹೆಸರಿಗೆ ಕಿವಿ ಕೊಯ್ದು ಬಿಟ್ಟಿದ್ದು. ನನ್ನದಾಗಿದ್ರ ಹೋಗ್ಲಿ ಅಂತಿದ್ದೆ.”

ಅವರ ಕುಲದಲ್ಲಿ ಹಾಗೆ. ಒಂದು ಮರಿಯನ್ನು ದೇವರಿಗೆಂದು ಗುರುತು ಮಾಡಿದ ಮೇಲೆ ಅದನ್ನು ಮಾರುವಂತಿಲ್ಲ, ಲೆಕ್ಕಕ್ಕೆ ಸೇರಿಸುವಂತಿಲ್ಲ. ಕಾಯುವುದಷ್ಟೇ ಇವರ ಪಾಲಿನದು. ಸಿನಿಮಾದಲ್ಲಿ ಮಾಡುತ್ತೀಯಾ ಎಂದಾಗ ಅವಳು ಮುಖ ಸಣ್ಣದು ಮಾಡಿದಳು. ಕಳೆದದ್ದನ್ನು ಆಟಕ್ಕೆಂದು ಮತ್ತೆ ಕಳೆಯಬಾರದು ಎಂದಳು. ಒತ್ತಾಯ ಮಾಡಲಿಲ್ಲ. ಬರುವಾಗ ಇಬ್ಬರಿಗೂ ಕುರಿ ಹಾಲಿನ ಚಹಾ ಕೊಟ್ಟಳು.

ಬಸ್ಸಿನಲ್ಲಿ ಸ್ಟುಡಿಯೋದವರು ತಾವು ನೋಡಿದ ಸಿನಿಮಾಗಳನ್ನು ಒಂದೊಂದಾಗಿ ಎತ್ತಿಕೊಂಡರು. ಮೊದಲ ಭಾಗದಲ್ಲಿ ಹೀರೊ ಯಾರದೋ ಮಗುವನ್ನು ಹೊತ್ತುಕೊಂಡು ಓಡುತ್ತಾನೆ, ಚೆನ್ನಾಗಿದೆ. ಮೂರನೆಯ ಭಾಗಕ್ಕೆ ಬರುವ ಹೊತ್ತಿಗೆ ಅವನೇ ಲೋಕೋದ್ಧಾರಕ ಎಂದು ಎಲ್ಲರೂ ಹೇಳತೊಡಗುತ್ತಾರೆ, ಅಲ್ಲಿಂದ ನಿದ್ದೆ ಬರುತ್ತದೆ. ಯಾಕೆಂದರೆ ಅಲ್ಲಿಂದ ಅವನು ಮದುಮಗ. ಎಲ್ಲರೂ ಅವನನ್ನು ನೋಡುತ್ತಾರೆ, ಅವನು ಏನನ್ನೂ ನೋಡುವುದಿಲ್ಲ. ತನ್ನದಲ್ಲದ ಯಾವುದನ್ನೋ ತಲುಪಿಸಬೇಕಾದವನ ಹಿಂದೆ ಮಾತ್ರ ನಾವು ಎಷ್ಟು ಗ್ರಹ ಬೇಕಾದರೂ ಹೋಗುತ್ತೇವೆ. ನಾನು ಒಪ್ಪಲಿಲ್ಲ. ತನ್ನ ಅಪ್ಪನನ್ನು ಹುಡುಕುವವನು, ತಾನು ಯಾರೆಂದು ಹುಡುಕುವವನು, ಇವರೂ ನಮ್ಮನ್ನು ಹಿಡಿದಿಡುವುದಿಲ್ಲವೇ ಎಂದೆ. ಅವರು ಹಗರಿಬೊಮ್ಮನಹಳ್ಳಿ ಬರುವ ತನಕ ಯೋಚಿಸಿದರು. ಇರಬಹುದು, ಆದರ ಅವನಿಗೆ ತಾನು ಸಿಕ್ಕ ಮ್ಯಾಲೆ ಸೀರೀಸ್ ಮುಗೀತು ಎಂದರು. ಈಗಲೂ ನನಗೆ ಇದು ಪೂರ್ತಿ ಸರಿ ಅನಿಸುವುದಿಲ್ಲ. ತಪ್ಪು ಎಲ್ಲಿದೆ ಎಂದೂ ಗೊತ್ತಿಲ್ಲ.

ಎರಡನೆಯ ಭಾಗದ ಕಥೆ ಅದೇ ಬಸ್ಸಿನಲ್ಲಿ ಸಿಕ್ಕಿತು. ಹಗರಿಬೊಮ್ಮನಹಳ್ಳಿಯ ನಿಲ್ದಾಣದಲ್ಲಿ ಒಬ್ಬಾಕೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಕಿಟಕಿಯಿಂದ ಕಂಡಕ್ಟರನ ಕೈಗಿಟ್ಟು, ಕೊಟ್ಟೂರಿನಲ್ಲಿ ತನ್ನ ತಂಗಿ ಬಂದು ಇಸಿದುಕೊಳ್ಳುತ್ತಾಳೆ ಎಂದಳು. ನಮ್ಮ ಕಡೆ ಇದು ದಿನವೂ ನಡೆಯುವಂಥದು. ಬುತ್ತಿ, ಔಷಧಿ, ಮರೆತ ಪುಸ್ತಕ, ಎಲ್ಲವೂ ಹೀಗೆಯೇ ಊರಿಂದೂರಿಗೆ ಹೋಗುತ್ತವೆ. ಕೊಟ್ಟೂರಿನಲ್ಲಿ ತಂಗಿ ಬಂದಿರಲಿಲ್ಲ. ಕಂಡಕ್ಟರ್ ಇಳಿದು, ಗಂಟನ್ನು ಎತ್ತಿ ಹಿಡಿದು, ಇದು ಯಾರದು ಎಂದು ನಿಲ್ದಾಣವಿಡೀ ಕೂಗುತ್ತ ತಿರುಗಿದ. ಬಸ್ಸಿನವರು ಬೈಯುತ್ತಿದ್ದರೂ ತಿರುಗಿದ. ತಂಗಿ ಓಡಿ ಬರುವವರೆಗೆ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ. ಆಮೇಲೆ ಸ್ಟುಡಿಯೋದವರು ನನ್ನತ್ತ ನೋಡಿದರು, ನಾನು ಅವರತ್ತ ನೋಡಿದೆ.

ಹಾಗೆ ನಮ್ಮ ಹೀರೊ ಗ್ರಹದಿಂದ ಗ್ರಹಕ್ಕೆ ಹೋಗುವ ಹಡಗಿನ ಕಂಡಕ್ಟರ್ ಆದ. ಯಾರೋ ಒಬ್ಬಾಕೆ ಕೈಗಿಟ್ಟ ಗಂಟು ಅವನ ಹತ್ತಿರವಿದೆ. ಇಸಿದುಕೊಳ್ಳುವವರು ಬಂದಿಲ್ಲ. ಅವನು ಹಡಗು ಬಿಟ್ಟು ಇಳಿದು ಹುಡುಕುತ್ತಾನೆ. ಗಂಟಿನಲ್ಲಿ ಏನಿದೆಯೆಂದು ಬಿಚ್ಚಿ ನೋಡುವುದಿಲ್ಲ. ಇಷ್ಟೇ ಕಥೆ. ಜಿಮ್ಮಿನ ಯುವಕ, ಕಂಡಕ್ಟರ್ ಪಾರ್ಟು ಮಾಡಿದರೆ ಹುಡುಗರು ಜಿಮ್ಮಿಗೆ ಬರುವುದಿಲ್ಲ ಎಂದು ಕೈ ಮುಗಿದ. ಕೊನೆಗೆ ಸ್ಟುಡಿಯೋದವರೇ ಉಡುಪು ತೊಟ್ಟರು. ಹೊಟ್ಟೆಯ ಹತ್ತಿರ ಅಕ್ಕ ಹೊಲಿಗೆ ಬಿಚ್ಚಿ ಅಗಲ ಮಾಡಿದರು. ಕ್ಯಾಮೆರಾ ಹಿಡಿದದ್ದೂ ಅಕ್ಕನೇ.

ಕಾನಹೊಸಹಳ್ಳಿಯ ಆಚೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ, ದೊಡ್ಡ ದೊಡ್ಡ ಬಂಡೆಗಳ ಗುಡ್ಡಗಳಿವೆ. ಅಲ್ಲಿ ತೆಗೆದರು. ಅಕ್ಕ ಅವರ ಸುತ್ತ ಸುತ್ತಲಿಲ್ಲ. ಒಂದೇ ಕಡೆ ನಿಂತು, ಬಾಗಿಲಲ್ಲಿ ನಿಂತು ಹೊರಗೆ ಹೋದವರನ್ನು ನೋಡುವ ಹಾಗೆ, ಅವರು ದೂರವಾಗುವ ತನಕ ನೋಡಿದರು. ಬಂಡೆ ಹತ್ತುವಾಗ ಸ್ಟುಡಿಯೋದವರಿಗೆ ಏದುಸಿರು ಬರುತ್ತಿತ್ತು. ಕಾಲರಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಆ ಉಸಿರು ಹೆಲ್ಮೆಟ್ಟಿನೊಳಗೆ ಗುಂಯ್‌ಗುಡುತ್ತ ಬಂತು. “ಕುಂದ್ರಿ ಸ್ವಲ್ಪ, ಗಂಟೇನು ಓಡಿ ಹೋಗಂಗಿಲ್ಲ” ಎಂದು ಅಕ್ಕ ಕ್ಯಾಮೆರಾದ ಹಿಂದಿನಿಂದ ಕೂಗಿದ್ದೂ ದಾಖಲಾಯಿತು. ಅದನ್ನು ತೆಗೆಯಲಿಲ್ಲ. ಎಲ್ಲಿಂದಲೋ ರೇಡಿಯೋದಲ್ಲಿ ಬಂದ ದನಿ ಎಂದು ಜನ ತಿಳಿದರು.

ಆ ಉಸಿರಿನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಗಲೇ ಅದು ಕಾಯಿಲೆಯೆಂದು ನನಗೆ ಅನಿಸಿತ್ತು ಎಂದು ಈಗ ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ. ಆ ದಿನದ ಪುಟದಲ್ಲಿ ಗಾಳಿ ಬಹಳ ಇತ್ತು, ಚಪ್ಪಲಿ ಕಿತ್ತಿತು ಎಂದಷ್ಟೇ ಇದೆ. ಮುಂದೆ ಆಗಲಿರುವುದು ಗೊತ್ತಾದ ಮೇಲೆ ನೆನಪು ಹಿಂದಕ್ಕೆ ಹೋಗಿ ಅಲ್ಲಲ್ಲಿ ಸೂಚನೆಗಳನ್ನು ಇಟ್ಟು ಬರುತ್ತದೆ…

ಎರಡನೆಯ ಭಾಗವನ್ನೂ ಅದೇ ಓಣಿಯಲ್ಲಿ ತೋರಿಸಿದರು. ಈ ಸಲ ಯಾರೂ ತಮಾಷೆ ಮಾಡಲಿಲ್ಲ ಎಂದೇನಲ್ಲ. ಹೊಟ್ಟೆ ನೋಡಿ ನಕ್ಕರು. ಟಿಕೆಟ್ ಟಿಕೆಟ್ ಎಂದು ಕೂಗಿದರು. ಆದರೆ ಕಂಡಕ್ಟರ್ ಬಂಡೆ ಹತ್ತತೊಡಗಿ, ಆ ಉಸಿರೊಂದೇ ಓಣಿಯ ತುಂಬ ಕೇಳತೊಡಗಿದಾಗ ಜನ ಸುಮ್ಮನಾದರು. ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಅವರು ಗುಡ್ಡದ ಆಚೆ ಇಳಿದು ಮರೆಯಾಗುವುದರೊಂದಿಗೆ ಭಾಗ ಮುಗಿಯಿತು. ಪರದೆ ಕಪ್ಪಾದ ಮೇಲೂ ಚಾಪೆ ಸುತ್ತಲು ಯಾರೂ ಏಳಲಿಲ್ಲ.

ಮರುದಿನ ಚಹಾದಂಗಡಿಗೆ ನಾನೂ ಹೋದೆ, ಕಾಲೇಜಿನ ದಾರಿ ಅದಲ್ಲದಿದ್ದರೂ. ಇಸ್ಕೊಂಡ್ರೇನ್ರಿ, ಮುಂದೇನಾತು ಎಂದು ಮೊದಲು ಕೇಳಿದವನು ಚಹಾ ಸೋಸುತ್ತಿದ್ದವನೇ. ಆಮೇಲೆ ಎಲ್ಲರೂ ಕೇಳಿದರು. ಗಂಟಿನಲ್ಲಿ ಏನಿದೆಯೆಂದು ಪಂದ್ಯ ಕಟ್ಟಿದರು. ಸ್ಟುಡಿಯೋದವರು ಲೋಟ ಹಿಡಿದು ಒಬ್ಬರಿಂದ ಒಬ್ಬರತ್ತ ತಿರುಗುತ್ತಿದ್ದರು. ಮುಂದೇನೆಂದು ಅವರಿಗೂ ಗೊತ್ತಿರಲಿಲ್ಲ. ಅದನ್ನು ನನ್ನ ಹತ್ತಿರ ಆಮೇಲೆ ಒಪ್ಪಿಕೊಂಡರು, ಬಹಳ ಸಂತೋಷದಿಂದ.

ಮೂರನೆಯ ಭಾಗ ಆಗಲಿಲ್ಲ. ಮದುವೆಗಳು ಬಂದವು, ನನಗೆ ಬೇರೆ ಊರಿನಲ್ಲಿ ಕೆಲಸ ಖಾಯಂ ಆಯಿತು. ಮುಂದಿನ ಆಷಾಢಕ್ಕೆ ಬರುತ್ತೇನೆಂದಿದ್ದೆ. ಆ ಆಷಾಢದಲ್ಲಿ ಅವರು ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ಕಾಯಿಲೆ ಎಂದರು. ನಾನು ಹೊರಡುವಷ್ಟರಲ್ಲಿ ಸುದ್ದಿ ಬಂತು.

ಕಳೆದ ತಿಂಗಳು ಆ ಟ್ಯಾಂಕುಗಳ ಅಂಗಡಿಯ ನೆರಳಲ್ಲಿ ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ, ಆ ವಾರವೇ ಕೊಟ್ಟೂರಿಗೆ ಹೋದೆ. ಸ್ಟುಡಿಯೋವನ್ನು ಈಗ ಅಕ್ಕನೇ ನಡೆಸುತ್ತಾರೆ. ಕೂದಲು ಅರ್ಧ ಬೆಳ್ಳಗಾಗಿದೆ. ಒಬ್ಬ ಗಿರಾಕಿಯನ್ನು ಕೂರಿಸಿ, ಗದ್ದ ಇಳಿಸು ಎನ್ನುತ್ತಿದ್ದರು. ಅವನು ಬೇರೆ ಊರಿನವನು. ಎರಡೂ ಭಾಗಗಳನ್ನು ಮೊಬೈಲಿನಲ್ಲಿ ನೋಡಿದ್ದನಂತೆ, ಈಗಲೂ ಅವು ಒಬ್ಬರಿಂದೊಬ್ಬರಿಗೆ ಹೋಗುತ್ತಲೇ ಇರುತ್ತವಂತೆ. ಫೋಟೊ ಇಸಿದುಕೊಳ್ಳುವಾಗ, ಆ ಕಂಡಕ್ಟರದು ಮುಂದೇನಾಯಿತು ಎಂದು ಕೇಳಿದ. ಅಕ್ಕ ಕತ್ತರಿಯಿಂದ ತಲೆಯೆತ್ತದೆ, ಇನ್ನೂ ಹುಡುಕಾಕತ್ಯಾನಪ್ಪ ಎಂದರು. ಅವನು ನಗುತ್ತ ಹೋದ.

ನಾನು ಏನೋ ಅನ್ನಲು ಹೋದೆ. ಅಕ್ಕ ತಡೆದರು.

“ದಿನಾ ಒಬ್ಬರರೆ ಕೇಳ್ತಾರ. ಹಂಗ ಅಂತೀನಿ. ಅವರು ಕೇಳೋದು ಹೀರೋನ್ನ. ನಮ್ಮನಿಯವರನ್ನ ಯಾರೂ ಕೇಳಂಗಿಲ್ಲ.”

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಒಬ್ಬ ಮನುಷ್ಯ ಇಡೀ ಜೀವಮಾನ ಬಯಸಿದ್ದ ಪ್ರಶ್ನೆ ದಿನವೂ ಅವನ ಅಂಗಡಿಗೆ ಬರುತ್ತಿದೆ. ಕೇಳಿಸಿಕೊಳ್ಳಲು ಅವನಿಲ್ಲ. ಅದು ಅವನ ಕುರಿತಾದ ಪ್ರಶ್ನೆಯೂ ಅಲ್ಲ. ಹೀರೊನನ್ನು ಕಟ್ಟುವುದು ಹೇಗೆಂದು ನಾವಿಬ್ಬರೂ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದೆವು. ಆ ಹೆಲ್ಮೆಟ್ಟಿನೊಳಗೆ ಉಸಿರಾಡಿದವನ ಬಗ್ಗೆ ನನಗೆ ಎಷ್ಟು ಗೊತ್ತಿತ್ತು?

ಬ್ಯಾಗು ಕೆಳಗಿಟ್ಟು, ಕೊನೆಕೊನೆಗೆ ಹೇಗಿದ್ದರು ಅಕ್ಕ ಎಂದು ಕೇಳಿದೆ.

ಅಕ್ಕ ಎದ್ದು ಫೋಟೊದ ದೀಪಗಳನ್ನು ಆರಿಸಿ, ಗಿರಾಕಿಗಳು ಕೂರುವ ಸ್ಟೂಲನ್ನು ನನ್ನ ಕಡೆ ಸರಿಸಿದರು. ಅವರು ಹೇಳಿದ್ದರಲ್ಲಿ ಕಥೆ ಏನೂ ಇರಲಿಲ್ಲ. ಪಕ್ಕದ ಹಾಸಿಗೆಯವನ ಗೊರಕೆಗೆ ಸಿಡುಕುತ್ತಿದ್ದರಂತೆ. ಊರಿಗೆ ಹೋದ ಮೇಲೆ ಅಂಗಡಿಯ ಬಾಗಿಲಿಗೆ ಹಸಿರು ಬಣ್ಣ ಹೊಡೆಸಬೇಕು ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ಬಿಸಿ ಅನ್ನಕ್ಕೆ ಶೇಂಗಾ ಚಟ್ನಿಪುಡಿ, ಎಣ್ಣೆ ಕೇಳಿದರಂತೆ. ಮನೆಯಿಂದ ಒಯ್ದ ಪುಡಿ ಚೀಲದಲ್ಲೇ ಇತ್ತು. ಕೆಮ್ಮು ಬರುತ್ತದೆ, ಖಾರ ಬೇಡ, ನಾಳೆ ನೋಡೋಣ ಎಂದು ಅಕ್ಕ ಮೊಸರನ್ನ ಕಲಸಿ ಕೊಟ್ಟರಂತೆ.

“ತಿಂದ್ರು. ಏನೂ ಅನ್ನಲಿಲ್ಲ” ಎಂದರು. ಕೌಂಟರಿನ ಮೇಲಿದ್ದ ಕತ್ತರಿಯನ್ನು ಒಳಗಿಟ್ಟು, “ಕೊಡಬೇಕಾಗಿತ್ತು” ಎಂದರು.